ಎಡಗೈಯವಳ ಒಳ್ಳು

ಐಹೊಳೆಯ ಒಂದು ಚಿಕ್ಕ ಗುಡಿಯ ಮುಂದೆ ನೆಟ್ಟಿರುವ ಪ್ರವಾಸಿ ಫಲಕದಲ್ಲಿ ಸುಳ್ಳು ಬರೆದಿದೆ. ಬರೆಸಿದವರಿಗೆ ಅದು ಸುಳ್ಳೆಂದು ಗೊತ್ತಿತ್ತು, ಏಕೆಂದರೆ ಆ ಗುಡಿಗೆ ಒರಗಿದ್ದ ನಮ್ಮ ಮನೆಯನ್ನು ಕೆಡವಿಸಿದ ದಿನ ಅಲ್ಲಿ ನಿಂತಿದ್ದವರೂ ಅವರೇ. ಅವರ ಹೆಸರು ಹೇಳಲು ನನಗೆ ಸಾಧ್ಯವಿಲ್ಲ. ನಮ್ಮ ಅರ್ಜಿಗಳಿಗೆ ಈವರೆಗೆ ಹೆಸರಿರುವ ಯಾವ ಮನುಷ್ಯನೂ ಉತ್ತರ ಕೊಟ್ಟಿಲ್ಲ.

ಫಲಕದ ಆ ಸಾಲು ಇಷ್ಟೇ: ‘ಮಂಟಪದ ನೆಲದಲ್ಲಿ ಚಾಲುಕ್ಯರ ಕಾಲದ ಔಷಧ ಅರೆಯುವ ಗುಂಡಿಯನ್ನು ಕಾಣಬಹುದು.’ ಬೆಳಿಗ್ಗೆ ಬಾದಾಮಿಯ ಗುಹೆಗಳನ್ನು ನೋಡಿ, ಬನಶಂಕರಿಯಲ್ಲಿ ರೊಟ್ಟಿ ಊಟ ಮುಗಿಸಿ, ಇಳಿಹೊತ್ತಿಗೆ ನಮ್ಮೂರಿಗೆ ಬರುವವರು ಅದನ್ನು ಓದುತ್ತಾರೆ, ಬಗ್ಗಿ ನೋಡುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಅದು ನನ್ನ ಆಯಿ ಖಾರ ಕುಟ್ಟುತ್ತಿದ್ದ ಒಳ್ಳು, ನೆಲದಲ್ಲಿ ಕಡೆದ ಒರಳು. ಆಯಿ ಎಂದರೆ ನನ್ನ ತಂದೆಯ ತಾಯಿ. ಆ ಒಳ್ಳನ್ನು ಕಡೆದವನು ಅವಳ ಗಂಡ, ನನ್ನ ಮುತ್ಯಾ.

ನಮ್ಮ ಮನೆಗೆ ಮೂರೇ ಗೋಡೆಗಳಿದ್ದವು. ನಾಲ್ಕನೆಯದು ಗುಡಿಯದು. ಗರ್ಭಗುಡಿಯಲ್ಲಿ ದೇವರಿರಲಿಲ್ಲ, ಯಾವ ಕಾಲದಲ್ಲಿ ಯಾರು ಒಯ್ದರೋ ತಿಳಿಯದು. ಆದರೂ ಸೋಮವಾರ ಆಯಿ ಅಲ್ಲಿ ದೀಪ ಹಚ್ಚುತ್ತಿದ್ದಳು, ಮಳೆ ಬಂದರೆ ಅಲ್ಲೇ ಆಡು ಕಟ್ಟುತ್ತಿದ್ದಳು. ಮುಂದಿನ ಮಂಟಪ ನಮ್ಮ ಪಡಸಾಲೆ. ನಾನು ಅಕ್ಷರ ಕಲಿತದ್ದು ಅಲ್ಲಿನ ಕಂಬಕ್ಕೆ ಬೆನ್ನು ಕೊಟ್ಟು. ಅದು ಹಳೆಯ ಗುಡಿ ಎಂದು ನಮಗೆ ಗೊತ್ತಿತ್ತು. ಅದು ಪ್ರೇಕ್ಷಣೀಯ ಸ್ಥಳ ಎಂದು ಗೊತ್ತಿರಲಿಲ್ಲ.

ಆಯಿ ಎಡಚಿ. ಮದುವೆಯಾಗಿ ಬಂದಾಗ ಅತ್ತೆಯ ಒಳ್ಳು ಅವಳ ಕೈಗೆ ಒಗ್ಗಲಿಲ್ಲ. ಕುಟ್ಟಿದ ಖಾರವೆಲ್ಲ ತಪ್ಪು ಬದಿಗೆ ಚೆಲ್ಲುತ್ತಿತ್ತು. ಆ ಜಗಳವನ್ನು ಆಯಿ ಎರಡೂ ದನಿಗಳಲ್ಲಿ ನಟಿಸಿ ತೋರಿಸುತ್ತಿದ್ದಳು.

“ಎಡಗೈಲೆ ಕುಟ್ಟಿದ್ದು ದೇವ್ರಿಗೆ ನಡ್ಯಂಗಿಲ್ಲ,” ಎಂದಳಂತೆ ಅತ್ತೆ.

“ದೇವ್ರಿಗೆ ಖಾರ ಯಾರ ಉಣಸ್ತಾರ ಬೇ? ಉಣ್ಣಾಂವ ನಾನs,” ಎಂದನಂತೆ ಮಗ.

ಮುತ್ಯಾ ಇಳಕಲ್ಲಿನ ಗ್ರಾನೈಟ್ ಖಣಿಯಲ್ಲಿ ಕಲ್ಲು ಒಡೆಯುವವನು. ರಜೆಗೆ ಬಂದಾಗ ಉಳಿ, ಸುತ್ತಿಗೆ ಹಿಡಿದು ಮಂಟಪದ ಮೂಲೆಯ ಹಾಸುಗಲ್ಲಿನಲ್ಲಿ ಹೊಸ ಒಳ್ಳು ಕಡೆದ. ಅದರ ಬಾಯಿಯ ಎಡಬದಿಯನ್ನು ಇಳಿಜಾರಾಗಿ ತಗ್ಗಿಸಿದ, ಹೆಂಡತಿಯ ಎಡಗೈ ಪುಡಿಯನ್ನು ಸಲೀಸಾಗಿ ಬಳಿಯಲೆಂದು. ನಮ್ಮ ಓಣಿಯ ಮಸಾಲೆ ಖಾರವೆಲ್ಲ ಆಮೇಲೆ ಅಲ್ಲೇ ಕುಟ್ಟಿದ್ದು. ಬ್ಯಾಡಗಿ ಮೆಣಸಿನಕಾಯಿ ಕುಟ್ಟುವ ದಿನ ಓಣಿಗೆ ಓಣಿಯೇ ಸೀನುತ್ತಿತ್ತು. ಬಲಗೈಯ ಹೆಂಗಸರು ಮಾತ್ರ ಬೈದುಕೊಂಡೇ ಬರುತ್ತಿದ್ದರು: “ಯಕ್ಕಾ, ನಿನ್ನ ಗಂಡ ನಿನಗೊಬ್ಬಾಕಿಗೇ ಒಳ್ಳು ಕಡದಾನ ನೋಡು!” ಆಯಿಗೆ ಆ ಬೈಗುಳ ಬಹಳ ಇಷ್ಟ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಸಾಲಿನ ಮನೆಗಳನ್ನು ತೆಗೆದರು. ಸ್ಮಾರಕ ಉಳಿಯಬೇಕು, ನಿಮಗೆ ಬೇರೆ ಮನೆ ಕೊಡುತ್ತೇವೆ ಎಂದರು. ನಾವು ವಿರೋಧಿಸಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಗುಡಿ ಉಳಿಯಲಿ ಎಂಬ ಆಸೆ ನಮಗೂ ಇತ್ತು. ಅದು ನಮ್ಮ ನಾಲ್ಕನೆಯ ಗೋಡೆ. ಮುತ್ಯಾ ಆಗಲೇ ತೀರಿಕೊಂಡಿದ್ದ. ಜೆಸಿಬಿ ಬರುವ ಬೆಳಿಗ್ಗೆಯೂ ಆಯಿ ಎಂದಿನಂತೆ ನೆಲ ಸಾರಿಸಿದಳು. ಕೆಡವುವ ಮನೆಗೆ ಸಾರಣೆ ಯಾಕೆ ಎಂದು ಅವ್ವ ಕೇಳಿದರೆ, “ಹೊಲಸ ಮನಿ ಬಿಟ್ಟು ಹೋದ್ರು ಅನಿಸ್ಕೊಬಾರ್ದು” ಎಂದಳು. ಪಾತ್ರೆ, ಒನಕೆ, ಆಡು ಎಲ್ಲವೂ ಟ್ರ್ಯಾಕ್ಟರ್ ಏರಿದವು. ನೆಲದ ಒಳ್ಳನ್ನು ಹೊತ್ತೊಯ್ಯಲಾಗುವುದಿಲ್ಲ.

ಊರ ಹೊರಗಿನ ಬಯಲಿನಲ್ಲಿ ‘ಸದ್ಯಕ್ಕೆ’ ಎಂದು ಕೊಟ್ಟ ತಗಡಿನ ಶೆಡ್ಡಿನಲ್ಲೇ ನಾವಿಂದೂ ಇದ್ದೇವೆ. ಆ ತಗಡಿನ ಕೆಳಗಿಂದಲೇ ನಾನು ಧಾರವಾಡಕ್ಕೆ ಹೋದೆ, ಇತಿಹಾಸದಲ್ಲಿ ಎಂ.ಎ. ಮಾಡಿದೆ. ಆ ಗುಡಿಯ ಕಂಬದ ಕುಸುರಿಯ ಬಗ್ಗೆ ಪುಟಗಟ್ಟಲೆ ಓದಿದೆ. ಕಂಬಕ್ಕೆ ಬೆನ್ನು ಕೊಟ್ಟು ಕೂತವರ ಬಗ್ಗೆ ಒಂದು ಸಾಲೂ ಸಿಗಲಿಲ್ಲ.

ಮನೆಯ ಹಕ್ಕುಪತ್ರ ಬೇಕೆಂದರೆ ಮೊದಲು ಮನೆ ಇತ್ತೆಂದು ರುಜುವಾತು ಮಾಡಿ ಎನ್ನುತ್ತಾರೆ. ಸ್ಮಾರಕಕ್ಕೆ ತಾಗಿದ ಮನೆ ಎಂದು ನಮಗೆ ಪಂಚಾಯಿತಿಯ ಉತಾರ, ಅಂದರೆ ಆಸ್ತಿಯ ದಾಖಲೆ, ಕೊಟ್ಟಿರಲಿಲ್ಲ. ಅದೇ ಕಾರಣಕ್ಕೆ ವಿದ್ಯುತ್ ಮೀಟರನ್ನೂ ಕೊಟ್ಟಿರಲಿಲ್ಲ. ಈಗ ಕೇಳುವುದು ಉತಾರ ಮತ್ತು ಕರೆಂಟ್ ಬಿಲ್ಲು. ರೇಷನ್ ಕಾರ್ಡಿನಲ್ಲಿ ಊರಿದೆ, ಮನೆಯಿಲ್ಲ. ಓಣಿಯವರ ಸಾಕ್ಷಿ ನಡೆಯುವುದಿಲ್ಲ, ಅವರೂ ಅರ್ಜಿದಾರರೇ.

ಹೀಗಾಗಿ ಕಳೆದ ವರ್ಷ ಆಯಿಯನ್ನು ಬಾಗಲಕೋಟೆಯ ಕಚೇರಿಗೆ ಕರೆದೊಯ್ದೆ. ಮೇಜಿನ ಆಚೆಗಿದ್ದ ಸಾಹೇಬರು ಕಾಗದ ತಿರುವಿ, “ಜಾಗದಾಗ ಏನಾರ ಗುರುತು ಉಳದೈತೇನ್ರಿ?” ಎಂದರು.

ಆಯಿಯ ಮುಖ ಅರಳಿತು. “ಐತ್ರಿ ಸಾಹೇಬ್ರ. ನನ್ನ ಒಳ್ಳು ಐತಿ. ನನ್ನ ಗಂಡ ಕಡದದ್ದು. ಬಂದು ನೋಡ್ರಿ.”

“ಎಲ್ಲಿ ಕಡದದ್ದು?”

“ಗುಡಿ ಕಟ್ಟಿ ಮ್ಯಾಲ.”

ಸಾಹೇಬರು ಪೆನ್ನು ಕೆಳಗಿಟ್ಟರು. “ಅಜ್ಜೀ, ಇದನ್ನ ಬರದು ಕೊಡಬ್ಯಾಡ್ರಿ. ಸ್ಮಾರಕಕ್ಕ ಉಳಿ ಹಚ್ಚೋದು ಗುನ್ಹೆ. ಮನಿ ಸಿಗೋದು ದೂರ ಉಳೀತು, ನಿಮ್ಮ ಮ್ಯಾಲ ಕೇಸ್ ಆಕ್ಕೈತಿ.”

ಪಕ್ಕದ ಮೇಜಿನವನು ನಕ್ಕ: “ಒಳ್ಳು ಹಳೇದಾದ್ರ ಮನಿ ಇಲ್ಲ. ಮನಿ ಇತ್ತಂದ್ರ ಒಳ್ಳಿನ ಗುನ್ಹೆ. ಭಾಳ ತ್ರಾಸ ಐತಿ ಬಿಡ್ರಿ ನಿಮ್ದು.”

ನಾನು ಏರುದನಿಯಲ್ಲಿ ಮಾತಾಡಿದೆ. ಕಾನೂನಿನ ಕಲಂ ಕೇಳಿದೆ, ಲಿಖಿತ ಉತ್ತರ ಕೇಳಿದೆ. ಆಯಿ ನನ್ನ ಸೆರಗು ಹಿಡಿದು ಎಬ್ಬಿಸಿದಳು. ಊರಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಯೇ ಅಂದಳು: “ಬ್ಯಾಡವ್ವಾ. ಮನಿ ಸಲುವಾಗಿ ಸತ್ತಾಂವನ್ನ ಗುನ್ಹೇಗಾರ ಮಾಡಾಂಗಿಲ್ಲ ನಾ.” ನಾನು ಬರೆದಿಟ್ಟಿದ್ದ ಅರ್ಜಿಯನ್ನು ಕೊಡಲಿಲ್ಲ.

ಈ ಚಳಿಗಾಲದಲ್ಲಿ ಅವಳೇ ಒಮ್ಮೆ ಗುಡಿ ನೋಡಬೇಕೆಂದಳು. ಮೊಣಕಾಲು ನೋವು, ನನ್ನ ಹೆಗಲು ಹಿಡಿದು ಬೇಲಿಯ ಗೇಟು ದಾಟಿದಳು. ನಮ್ಮ ಮನೆ ಇದ್ದಲ್ಲಿ ಹುಲ್ಲುಹಾಸು. ಒಂದು ಬೆಂಚು. ನಾವು ಬಿಟ್ಟ ಮೇಲೆ ಬಂದ ಹೊಸ ಫಲಕ. ಮಂಟಪದಲ್ಲಿ ಪ್ರವಾಸಿಗರ ಗುಂಪೊಂದು ಒಳ್ಳಿನ ಸುತ್ತ ನಿಂತಿತ್ತು. ವಿವರಿಸುತ್ತಿದ್ದ ಗೈಡ್ ನಮ್ಮ ಓಣಿಯವನೇ, ಚಿಕ್ಕಂದಿನಲ್ಲಿ ಆಯಿಯ ಕೈಯಿಂದ ರೊಟ್ಟಿ ತಿಂದವನು.

“ರಾಜವೈದ್ಯರು ಇಲ್ಲಿ ಗಿಡಮೂಲಿಕೆ ಅರೆಯುತ್ತಿದ್ದರು. ಬಾಯಿಯ ಈ ಇಳಿಜಾರು ನೋಡಿ, ರಸ ಹರಿದು ಹೋಗಲು ಮಾಡಿದ ತಂತ್ರಜ್ಞಾನ,” ಎಂದು ಅವನು ಪುಸ್ತಕದ ಕನ್ನಡದಲ್ಲಿ ಹೇಳುತ್ತಿದ್ದ.

ಆಯಿ ಹಿಂದಿನಿಂದ ಕೇಳಿದಳು: “ಲೇ, ನಿಮ್ಮ ರಾಜವೈದ್ಯ ಎಡಚ ಇದ್ದನೇನೋ?”

ಅವನು ತಿರುಗಿ ನೋಡಿ ನಾಲಿಗೆ ಕಚ್ಚಿಕೊಂಡ. ಗುಂಪನ್ನು ಮುಂದೆ ಕಳಿಸಿ ಓಡಿಬಂದು ಕೈಮುಗಿದ. “ಆಯೀ, ಬೋರ್ಡಿನ ಮ್ಯಾಲ ಬರದದ್ದು ಹೇಳ್ತೇನಿ. ಬ್ಯಾರೆ ಹೇಳಿದ್ರ ಲೈಸೆನ್ಸ್ ಕಸಗೋತಾರ. ನನ್ನ ಹೊಟ್ಟಿ ಮ್ಯಾಲ ಕಲ್ಲ ಹಾಕಬ್ಯಾಡ.”

“ನಿನ್ನ ಹೊಟ್ಟ್ಯಾಗ ಇರೋದು ಇದೇ ಒಳ್ಳಿನ ಖಾರಲೇ, ಖೋಡಿ,” ಎಂದು ಆಯಿ ಅವನ ತಲೆಗೆ ಮೆಲ್ಲನೆ ಹೊಡೆದಳು. ಇಬ್ಬರೂ ನಕ್ಕರು. ಅವನು ಗುಂಪಿನ ಹಿಂದೆ ಹೋದ ಮೇಲೆ ಆಯಿ ಕಷ್ಟಪಟ್ಟು ಕುಳಿತು, ಒಳ್ಳಿನೊಳಗಿನ ಒಣ ಎಲೆಗಳನ್ನು ಎಡಗೈಯಿಂದ ಬಳಿದು ತೆಗೆದಳು. ಕೈ ತಂತಾನೆ ಇಳಿಜಾರಿನ ಮೇಲೆ ಹರಿದು ಹೊರಬಂತು. ಅಲ್ಲಿಯವರೆಗೆ ನಗುತ್ತಿದ್ದವಳು ಆಗ ಅತ್ತಳು.

“ನಾ ಎಡಚಿ ಅಂತ ಅವ ಮಾಡಿದ್ದು. ಅದನ್ನ ರಾಜಾಗ ಕೊಟ್ಟರಲ್ಲ,” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ಬರಿ. ಅವ ಕಡದಾನ ಅಂತ ಬರಿ. ಕೇಸ್ ಆದ್ರ ಆಗ್ಲಿ.”

ಆದ್ದರಿಂದ ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ಅವಳು ಬೇಡವೆಂದ ದಿನ ನನಗೆ ಹೋದದ್ದು ಮನೆ ಎನ್ನಿಸಿತ್ತು. ಈಗ ಅನ್ನಿಸುವುದು, ತನ್ನ ಗಂಡನ ಪ್ರೀತಿಯ ಕೆಲಸವನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಈ ಮುದುಕಿ ಅಪರಾಧಿಯಾಗಬೇಕಾಯಿತಲ್ಲ ಎಂದು. ಈ ವಿಷಾದಕ್ಕೆ ಯಾವ ಕಚೇರಿಯಲ್ಲೂ ಪರಿಹಾರವಿಲ್ಲ. ಉಳಿದವುಗಳಿಗೆ ಇದೆ.

ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ವಿನಂತಿ ಹೀಗಿದೆ. ಒಳ್ಳಿನ ಸ್ಥಳ ತನಿಖೆಯನ್ನು ಆಯಿಯ ಸಮಕ್ಷಮದಲ್ಲಿ ನಡೆಸಬೇಕು. ಅದರ ಬಾಯಿ ಯಾವ ಕೈಗೆ ಹೊಂದುತ್ತದೆಂದು ಅವಳೇ ತೋರಿಸುತ್ತಾಳೆ. ಫಲಕವನ್ನು ತಿದ್ದಿ, ಆ ಮಂಟಪದಲ್ಲಿ ನಮ್ಮ ಕಾಲದವರೆಗೂ ಜನ ಬಾಳಿದ್ದರೆಂದು ಬರೆಸಬೇಕು. ನಮ್ಮ ಸಾಲಿನ ಎಲ್ಲ ಕುಟುಂಬಗಳಿಗೆ ಮಾತು ಕೊಟ್ಟ ಮನೆಗಳ ಹಕ್ಕುಪತ್ರ ನೀಡಬೇಕು. ಒಳ್ಳು ಕಡೆದದ್ದು ಅಪರಾಧವೆಂಬುದೇ ತಮ್ಮ ತೀರ್ಮಾನವಾದರೆ, ನೋಟಿಸನ್ನು ಆಯಿಗೆ ಕಳುಹಿಸಬೇಕು. ಅದರಲ್ಲಿ ಕೃತ್ಯ ನಡೆದ ಸ್ಥಳವನ್ನು ‘ಆರೋಪಿಯ ವಾಸದ ಮನೆ’ ಎಂದು ನಮೂದಿಸಬೇಕು. ಆ ನೋಟಿಸನ್ನು ನಾವು ಹಕ್ಕುಪತ್ರದ ಅರ್ಜಿಗೆ ಲಗತ್ತಿಸುತ್ತೇವೆ. ಸಹಿ ಮತ್ತು ಹೆಸರುಳ್ಳ ಲಿಖಿತ ಉತ್ತರವನ್ನು ಕೋರುತ್ತೇನೆ.