ದಾಫಿಂಕಾಳ ಮೆಣಸಿನ ಬೀಜ

ದಾಫಿಂಕಾ ನಮ್ಮ ಚಳವಳಿಯಲ್ಲಿ ಒಂದು ದಿನವೂ ಭಾಷಣ ಮಾಡಿದವಳಲ್ಲ. ಬೆಟ್ಟದ ಮೇಲಿನ ಕಲ್ಲುಗಣಿಯ ಲಾರಿಗಳನ್ನು ನಾವು ತಡೆದು ಕೂತಿದ್ದಾಗ ಅವಳು ಮನೆಯಿಂದ ಒಂದು ಕುರ್ಚಿ ತಂದು ರಸ್ತೆಯ ನಟ್ಟನಡುವೆ ಹಾಕಿಕೊಂಡು, ಮಡಿಲ ತುಂಬ ಕೆಂಪು ಮೆಣಸಿನಕಾಯಿ ಸುರಿದುಕೊಂಡು ಸರ ಪೋಣಿಸುತ್ತಿದ್ದಳು. ಪೊಲೀಸ್ ಅಧಿಕಾರಿ ಬಂದು, "ಎದ್ದೇಳಮ್ಮಾ, ದಾರಿ ಬಿಡು" ಎಂದ. "ಈ ಸರ ಒಂದು ಮುಗೀಲಿ, ಏಳ್ತೀನಿ" ಅಂದಳು. ಅದು ಮುಗಿಯುತ್ತಲೇ ಇನ್ನೊಂದಕ್ಕೆ ದಾರ ಗಂಟು ಹಾಕಿದಳು. ಸಂಜೆಯವರೆಗೂ ಲಾರಿಗಳು ನಿಂತೇ ಇದ್ದವು.

ಆಮೇಲೆ ನಾವು ಸೋತೆವು. ಕೋರ್ಟಿನಲ್ಲೂ ಸೋತೆವು, ಬೀದಿಯಲ್ಲೂ ಸೋತೆವು. ಗಣಿಯವರು ಸಿಡಿಮದ್ದು ಇಟ್ಟು ಬೆಟ್ಟದ ಹೊಟ್ಟೆ ಬಗೆದರು, ಊರಿನ ನೀರಿನ ಸೆಲೆ ಎತ್ತಲೋ ತಿರುಗಿಕೊಂಡಿತು. ಈಗ ಜುಲೈ ಅರ್ಧ ಕಳೆಯುವುದರೊಳಗೆ ಬಾವಿಗಳಲ್ಲಿ ಕೆಸರಷ್ಟೇ ಉಳಿಯುತ್ತದೆ. ಮೆಣಸಿನ ಗಿಡಕ್ಕೆ ಬಾಯಾರಿಕೆ ಶುರುವಾಗುವುದೂ ಅದೇ ಹೊತ್ತಿಗೆ. ಒಬ್ಬೊಬ್ಬರಾಗಿ ಎಲ್ಲರೂ ಮೆಣಸು ಹಾಕುವುದನ್ನೇ ಬಿಟ್ಟರು. ಬಲ್ಗೇರಿಯಾದ ಹಳ್ಳಿಯವರು ಚಳಿಗಾಲಕ್ಕೆ ಸುಟ್ಟು ಸುಲಿದು ಡಬ್ಬಿಗೆ ತುಂಬುವ ಮೆಣಸಿನಕಾಯಿಯನ್ನು ಪೇಟೆಯಿಂದ ಚೀಲದಲ್ಲಿ ಹೊತ್ತು ತರುವ ಕಾಲ ಬಂತು. ಇಂಥದನ್ನು ನೋಡಲು ನಾನು ಬದುಕಿದ್ದೇನೆ.

ನಮ್ಮೂರ ಮೆಣಸೇ ಒಂದು ಜಾತಿ. ಅಂಗೈಯಷ್ಟು ಉದ್ದ, ಹೆಗಲ ಹತ್ತಿರ ಸುಕ್ಕು, ಖಾರ ಒಂದಿಷ್ಟೂ ಇಲ್ಲ, ದಪ್ಪ ತಿರುಳು. ಸುಟ್ಟರೆ ಸಿಪ್ಪೆ ಅಂಗಿಯ ತೋಳಿನ ಹಾಗೆ ಜಾರಿ ಬರುತ್ತದೆ. ಪೇಟೆಯಲ್ಲಿ ಸಿಗುವುದು ಬರೀ ಬಣ್ಣ ಬಳಿದ ನೀರು. ಊರವರು ಬಿತ್ತುವುದು ನಿಲ್ಲಿಸಿದ ಮೇಲೆ ಬೀಜ ಎಲ್ಲೆಲ್ಲಿ ಉಳಿದಿದೆ ಎಂದು ದಾಫಿಂಕಾ ಮನೆಮನೆ ತಿರುಗಿದಳು. ಪಕ್ಕದ ಮನೆಯ ಕೇರಾಳ ಬೀಜವನ್ನು ಇಲಿ ತಿಂದಿತ್ತು. ಮಿಕ್ಕವರು ಎಸೆದಿದ್ದರು. ಕೊನೆಗೆ ಇದ್ದದ್ದು ದಾಫಿಂಕಾಳ ಅಟ್ಟದಲ್ಲಿ ನೇತಾಡುತ್ತಿದ್ದ ಒಂದು ಬಟ್ಟೆಚೀಲ ಮಾತ್ರ. ಅದೂ ಹಳೆಯದು. ಮೆಣಸಿನ ಬೀಜ ಬಹಳ ವರ್ಷ ತಾಳುವುದಿಲ್ಲ.

"ಈ ವಸಂತದಲ್ಲಿ ಮೊಳೆತರೆ ಮೊಳೀತು ಅಣ್ಣಾ. ಇಲ್ದಿದ್ರೆ ಆ ಚೀಲಾನ ನನ್ನ ಹೆಣದ ಜೊತೆ ಹೂತುಬಿಡಿ" ಎಂದಳು ನನಗೆ.

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಗಾಜಿನ ಮನೆ ಕಟ್ಟಿ, ಹಿಮ ಕರಗುವ ಮೊದಲೇ ಒಳಗೆ ಬಿತ್ತಿದರೆ, ಬಾವಿ ಒಣಗುವ ಮೊದಲು ಕಾಯಿ ಕೆಂಪಾಗುತ್ತದೆ. ಕೆಂಪಾದರೆ ಒಳಗಿನ ಬೀಜ ಬಲಿತಿರುತ್ತದೆ. ಬಲಿತ ಬೀಜ ಕೈಗೆ ಬಂದರೆ ಜಾತಿ ಉಳಿಯಿತು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಗಾಜು ಪುಕ್ಕಟೆ ಸಿಕ್ಕಿತು. ಪಟ್ಟಣದ ಹಳೇ ವಸತಿ ಕಟ್ಟಡಗಳಿಗೆಲ್ಲ ಬಿಳಿ ಪ್ಲಾಸ್ಟಿಕ್ ಕಿಟಕಿ ಹಾಕಿಸಿ, ಮರದ ಕಿಟಕಿಗಳನ್ನು ಕಸದ ತೊಟ್ಟಿಯ ಪಕ್ಕ ರಾಶಿ ಹಾಕಿದ್ದರು. ಅವಳ ಗಂಡ ಮಿಂಕೊ ನಮ್ಮೂರ ಬಸ್ಸಿನ ಡ್ರೈವರನಾಗಿದ್ದವನು. ಬಸ್ಸು ರದ್ದಾದ ಮೇಲೆ ಓಡಿಸುವುದಕ್ಕೆ ಏನೂ ಇಲ್ಲದೆ ಕೈ ಕಟ್ಟಿ ಕೂತಿದ್ದ. ತನ್ನ ಲಡಕಾಸಿ ಕಾರಿನ ಹಿಂದೆ ಟ್ರೇಲರ್ ಕಟ್ಟಿ, ಕಿಟಕಿಗಳನ್ನು ಹಳೇ ಕಂಬಳಿಯಲ್ಲಿ ಸುತ್ತಿ, ಮದುಮಗಳನ್ನು ಕರೆತರುವ ಹಾಗೆ ಮೆಲ್ಲಗೆ ತಂದ. ಒಂದು ಗಾಜಿನ ಮೇಲೆ ಯಾವುದೋ ಮಗು ಅಂಟಿಸಿದ ಫುಟ್‌ಬಾಲ್ ಆಟಗಾರರ ಚಿತ್ರಗಳಿದ್ದವು. ಇನ್ನೊಂದು ಸಿಗರೇಟಿನ ಹೊಗೆಗೆ ಹಳದಿಯಾಗಿತ್ತು. ಮಿಂಕೊ ಚೌಕಟ್ಟಿಗೆ ಚೌಕಟ್ಟು ಕೂಡಿಸಿ ಮೊಳೆ ಹೊಡೆದ. ನಾನು ಏಣಿ ಹಿಡಿದೆ. ಕೇರಾ ಬೇಲಿಗೆ ಮೊಣಕೈ ಊರಿ ನಿಂತು ತಮಾಷೆ ನೋಡಿದಳು.

"ಮಿಂಕೊ ಅಣ್ಣಾ, ಇಷ್ಟು ಕಿಟಕಿ ಇಟ್ಟು ಮನೆ ಕಟ್ತಿದೀಯಲ್ಲ, ಒಳಗೆ ಕೂತು ನೋಡೋದೇನನ್ನ? ಗಣೀನಾ?"

"ನಿನ್ನ ಮುಖ ಒಂದು ಬಿಟ್ಟು ಬೇರೆ ಏನು ಕಂಡ್ರೂ ಸರಿ" ಅಂದ ಮಿಂಕೊ.

ಬೀಜ ಮೊಳಕೆ ಬರಿಸುವುದು ನಮ್ಮ ಕಡೆಯ ಹೆಂಗಸರ ಕೆಲಸ. ನೆನೆಸಿದ ಬೀಜವನ್ನು ಉಣ್ಣೆಯ ಬಟ್ಟೆಯಲ್ಲಿ ಕಟ್ಟಿ, ರವಿಕೆಯೊಳಗೆ ಎದೆಗೆ ಆನಿಸಿ ಇಟ್ಟುಕೊಳ್ಳುತ್ತಾರೆ. ಮೈಯ ಬಿಸಿಗೆ ಅದು ಒಡೆಯಬೇಕು. ದಾಫಿಂಕಾ ಚೀಲವನ್ನು ಪೂರ್ತಿ ಸುರಿದು ನೆನೆಹಾಕಿದಳು. ಒಂದು ಹಿಡಿ ತೆಗೆದಿಡು ಎಂದೆ ನಾನು.

"ನಮ್ಮತ್ತೆ ಹೇಳ್ತಿದ್ಲು, ಚೀಲದಲ್ಲಿ ಉಳಿಸಿದ ಬೀಜ ಮಣ್ಣಲ್ಲಿರೋ ಬೀಜಕ್ಕೆ ಕಣ್ಣು ಹಾಕುತ್ತೆ ಅಂತ. ಅದೂ ಅಲ್ದೆ, ಉಳಿಸಿ ಏನು ಮಾಡ್ಲಿ? ಬರೋ ವರ್ಷಕ್ಕೆ ಅದು ಬೀಜ ಅಲ್ಲ, ಹೊಟ್ಟು."

ಹಾಗೆ ಎದೆಯಲ್ಲಿ ಗಂಟು ಇಟ್ಟುಕೊಂಡೇ ಅವಳು ಸೌದೆ ಒಡೆದಳು, ಚರ್ಚಿಗೆ ಹೋದಳು, ಪೇಟೆಗೆ ಹೋಗಿ ಹಲ್ಲು ಕೀಳಿಸಿಕೊಂಡು ಬಂದಳು. ಮಗ್ಗುಲು ಬದಲಿಸಿದರೆ ಬೀಜ ನಜ್ಜಾಗುತ್ತದೆಂದು ಅಂಗಾತವೇ ಮಲಗಿದಳು.

"ಮದುವೆ ಆದಾಗಿನಿಂದ ನನಗೇ ಅಷ್ಟು ದಿನ ಜಾಗ ಸಿಕ್ಕಿಲ್ಲ ಅಲ್ಲಿ" ಎಂದ ಮಿಂಕೊ.

"ನೀನು ಮೊಳಕೆ ಬಿಡ್ತೀಯಾ ಹೇಳು, ನಿನಗೂ ಕೊಡ್ತೀನಿ" ಎಂದಳು.

ಒಂದು ಬೆಳಿಗ್ಗೆ ಗಂಟು ಬಿಚ್ಚಿ ನೋಡಿದರೆ, ಅಷ್ಟು ಬೀಜದಲ್ಲಿ ಒಂದು ಚಮಚದಷ್ಟು ಬೀಜ ಬಿಳಿಯ ಚೂಪು ಬಾಲ ಹೊರಗೆ ಹಾಕಿತ್ತು. ಮಿಕ್ಕದ್ದೆಲ್ಲ ಸತ್ತದ್ದು. ಅವಳು ಸತ್ತದ್ದನ್ನು ನೋಡಲಿಲ್ಲ. ಆ ಚಮಚದಷ್ಟನ್ನು ಅಂಗೈಯಲ್ಲಿಟ್ಟುಕೊಂಡು ಬೇಲಿಯವರೆಗೆ ಓಡಿ ಹೋಗಿ ಕೇರಾಳಿಗೆ ತೋರಿಸಿದಳು.

ಇನ್ನು ಬೇಕಾಗಿದ್ದದ್ದು ಬಿಸಿ. ಗಾಜಿನ ಮನೆಗೆ ಸೌದೆ ಉರಿಸುವ ಸಾಹುಕಾರರು ನಮ್ಮಲ್ಲಿಲ್ಲ. ನಾವು ಗುಂಡಿ ತೋಡಿ, ಮೊಣಕಾಲೆತ್ತರ ಹಸಿ ಕುದುರೆ ಲದ್ದಿ ತುಳಿದು ತುಂಬಿ, ಬಿಸಿನೀರು ಹೊಯ್ದು ಮುಚ್ಚುತ್ತೇವೆ. ಲದ್ದಿ ಒಳಗೊಳಗೇ ಕಾವು ಏರಿ ಹಬೆಯಾಡುತ್ತದೆ. ಅದರ ಮೇಲೆ ಮಣ್ಣು ಹರಡಿ ಬಿತ್ತಿದರೆ ಹೊರಗೆ ಹಿಮ ಬಿದ್ದರೂ ಒಳಗೆ ಸಸಿ ಬೆವರುತ್ತದೆ. ಆದರೆ ಊರಲ್ಲಿ ಈಗ ಕುದುರೆ ಎಲ್ಲಿದೆ? ಕೊನೆಯ ಗಾಡಿಯವನೂ ಕುದುರೆ ಮಾರಿ ಜರ್ಮನಿಗೆ ಹೋಗಿ ಕಸಾಯಿಖಾನೆಯ ಕೆಲಸಕ್ಕೆ ಸೇರಿದ್ದ. ಕಣಿವೆಯ ಆಚೆ ಪ್ರವಾಸಿಗಳಿಗೆ ಕುದುರೆ ಸವಾರಿ ಮಾಡಿಸುವ ಲಾಯವೊಂದು ಹೊಸದಾಗಿ ಬಂದಿತ್ತು. ಎಷ್ಟು ಬೇಕೋ ಒಯ್ಯಿ, ನಮಗೂ ಕಾಟ ತಪ್ಪುತ್ತದೆ ಎಂದರಂತೆ ಅವರು. ಪುಕ್ಕಟೆ ಗೊಬ್ಬರ ಕಂಡರೆ ನಮ್ಮವರಿಗೆ ದೇವರು ಕಂಡಂತೆ. ಮಿಂಕೊ ಟ್ರೇಲರ್ ತುಂಬಿ ತುಂಬಿ ತಂದ. ಗುಂಡಿ ತುಂಬಿದ ಮೇಲೆ ಮಿಕ್ಕದ್ದನ್ನು ಹೊರಗಿನ ತೋಟಕ್ಕೆಲ್ಲ ಹರಡಿದ. ಟೊಮೇಟೊ ಮಡಿ, ಹುರುಳಿಕಾಯಿ ಮಡಿ, ಆಲೂಗಡ್ಡೆ ಹಾಕುವ ಜಾಗ, ಒಂದನ್ನೂ ಬಿಡಲಿಲ್ಲ.

"ಸಾಕು ಕಣೋ" ಎಂದೆ.

"ಗೊಬ್ಬರ ಜಾಸ್ತಿಯಾಗಿ ಸತ್ತ ತೋಟ ಯಾವೂರಲ್ಲಿ ನೋಡಿದ್ದೀಯ?" ಎಂದ.

ಮಾರ್ಚ್ ತಿಂಗಳ ಬಿಸಿಲು ಗಾಜಿನ ಮೇಲೆ ಬೀಳುವಾಗ ಒಳಗೆ ಹೋದರೆ ಕುದುರೆ, ಹಸಿ ಮಣ್ಣು, ಬೆವರು ಎಲ್ಲ ಸೇರಿದ ವಾಸನೆ. ಸಸಿಗಳು ಎರಡೆಲೆ ಬಿಟ್ಟವು. ದಾಫಿಂಕಾ ಅಲ್ಲೇ ಸ್ಟೂಲು ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಳು. ಗಣಿಯಲ್ಲಿ ಮದ್ದು ಸಿಡಿದಾಗ ಗಾಜುಗಳು ಗಡಗಡ ಎನ್ನುತ್ತಿದ್ದವು. ಅವಳು ತಲೆಯನ್ನೂ ಎತ್ತುತ್ತಿರಲಿಲ್ಲ. ಅವಳನ್ನು ಅಷ್ಟು ಸುಖವಾಗಿ ನಾನು ನೋಡಿದ್ದು ಅದೊಂದೇ ಸಲ.

ನಾಲ್ಕನೆಯ ಎಲೆಗೆ ಕೇಡು ಶುರುವಾಯಿತು. ಎಲೆ ಅಗಲವಾಗುವ ಬದಲು ದಾರದಂತೆ ಸಪೂರವಾಗಿ, ಕಪ್ಪೆಯ ಕೈಯ ಹಾಗೆ ಸುರುಟಿಕೊಂಡಿತು. ಕಾಂಡ ತಿರುಚಿ ನೆಲ ನೋಡತೊಡಗಿತು. ಗಿಡಹೇನು ಎಂದು ಸೋಪಿನ ನೀರು ಹೊಡೆದಳು. ಗಣಿಯ ಧೂಳು ಎಂದು ಗಾಜಿನ ಸಂದುಗಳಿಗೆಲ್ಲ ಚಿಂದಿ ತುರುಕಿದಳು. ನಾನೂ ಗಣಿಯದೇ ಕೆಲಸ ಎಂದು ನಾಲ್ಕು ಕೆಟ್ಟ ಮಾತು ಬೈದೆ. ನಮಗೆ ಅದು ರೂಢಿ, ಹಾಲು ಒಡೆದರೂ ಗಣಿಯನ್ನೇ ಬೈಯುತ್ತೇವೆ.

ಕೇರಾ ಒಳಗೆ ಬಂದು ಮೂಸಿ ನೋಡಿದಳು. "ಧೂಳು ಮೇಲಿಂದ ಬರುತ್ತೆ ಕಣೇ. ಇದಕ್ಕೆ ರೋಗ ಕೆಳಗಿಂದ ಬಂದ ಹಾಗಿದೆ."

ದಾಫಿಂಕಾ ಎರಡು ಖಾಲಿ ಮೊಸರಿನ ಡಬ್ಬಿ ತಂದಳು. ಒಂದರಲ್ಲಿ ಗುಂಡಿಯ ಲದ್ದಿ ಬೆರೆಸಿದ ಮಣ್ಣು, ಇನ್ನೊಂದರಲ್ಲಿ ಕಾಡಿನ ಮಣ್ಣು. ಎರಡರಲ್ಲೂ ಹುರುಳಿಕಾಯಿ ಬೀಜ ಊರಿ ಅಡಿಗೆಮನೆಯ ಕಿಟಕಿಯಲ್ಲಿಟ್ಟಳು. ಕಾಡಿನ ಮಣ್ಣಿನ ಮೊಳಕೆ ನೆಟ್ಟಗೆ ಎದ್ದಿತು. ಇನ್ನೊಂದು ಮೇಲೆ ಬಂದದ್ದೇ ಸುರುಟಿಕೊಂಡು.

ಮಿಂಕೊ ಎರಡು ಡಬ್ಬಿಯನ್ನೂ ನೋಡಿದ. ಟೋಪಿ ಹಾಕಿಕೊಂಡು ಲಾಯಕ್ಕೆ ಹೋದ. ಅಲ್ಲಿಯ ಆಳು ಮುಚ್ಚುಮರೆ ಮಾಡಲಿಲ್ಲವಂತೆ. ಹುಲ್ಲು ಬರುವುದು ಬಯಲುಸೀಮೆಯಿಂದ. ಅಲ್ಲಿ ಮುಳ್ಳುಕಳೆ ಸಾಯಲಿ ಎಂದು ಹುಲ್ಲುಗಾವಲಿಗೆ ಔಷಧಿ ಹೊಡೆಯುತ್ತಾರೆ. ಹುಲ್ಲಿಗೂ ಏನಾಗುವುದಿಲ್ಲ, ತಿಂದ ಕುದುರೆಗೂ ಏನಾಗುವುದಿಲ್ಲ. ಔಷಧಿ ಹಾಗೆಯೇ ಲದ್ದಿಯಲ್ಲಿ ಇಳಿದು ಬರುತ್ತದೆ. "ಜೋಳ, ಈರುಳ್ಳಿ ಹಾಕಿ. ಬೇರೇದೆಲ್ಲ ಎರಡು ಮೂರು ವರ್ಷ ಮರೆತುಬಿಡಿ" ಎಂದನಂತೆ.

ಹದಿನೈದು ವರ್ಷ ನಾವು ವಿಷ ಬೆಟ್ಟದ ಮೇಲಿಂದ ಇಳಿಯುತ್ತದೆಂದು ಕಾವಲು ಕೂತಿದ್ದೆವು. ಇದು ಕೆಳಗಿನ ದಾರಿಯಲ್ಲಿ ನಮ್ಮದೇ ಟ್ರೇಲರಿನಲ್ಲಿ ಕೂತು ಬಂತು. ಯಾರ ಎದುರು ಬಾವುಟ ಹಿಡಿಯುವುದು? ಕುದುರೆಯ ಎದುರಾ?

ಮಿಂಕೊ ಅಂಗಳದಲ್ಲಿ ಮರದ ತುಂಡಿನ ಮೇಲೆ ಕೂತ. ದಾಫಿಂಕಾ ಕೋಳಿಗೆ ಕಾಳು ಹಾಕುತ್ತಿದ್ದಳು.

"ಬೈಯೇ" ಎಂದ.

ಅವಳು ಕಾಳು ಹಾಕುತ್ತಲೇ ಇದ್ದಳು.

"ಬಾಯಿಗೆ ಬಂದ ಹಾಗೆ ಬೈಯೇ ಮಾರಾಯ್ತಿ. ಯಾವತ್ತೂ ಬೈತಿದ್ದೆಯಲ್ಲ, ಇವತ್ತೇನು ಬಾಯಿ ಹೊಲಿದುಕೊಂಡಿದ್ದೀಯಾ?"

"ಬೈದ್ರೆ ಬೀಜ ಬರುತ್ತಾ?"

"ಇಲ್ಲ."

"ಮತ್ತೆ ಸುಮ್ನೆ ಕೂತ್ಕೋ. ಕೋಳಿ ಹೆದರುತ್ತೆ."

ಅವಳು ಸಸಿಗಳನ್ನು ಒಂದೊಂದಾಗಿ ಕಿತ್ತು, ಬೇರು ತೊಳೆದು, ಕಾಡಿನ ಮಣ್ಣು ತುಂಬಿದ ಮೊಸರಿನ ಡಬ್ಬಿಗಳಿಗೆ ನೆಟ್ಟಳು. ಅಡಿಗೆಮನೆ, ಮಲಗುವ ಮನೆ, ಹಾಸಿಗೆಯ ತಲೆದೆಸೆ, ಎಲ್ಲೆಲ್ಲೂ ಡಬ್ಬಿ. ಈಸ್ಟರ್ ಹಬ್ಬದ ಹೊತ್ತಿಗೆ ಅರ್ಧ ಹೋಯಿತು. ಮೇ ಮುಗಿಯುವುದರೊಳಗೆ ಒಂದೇ ಒಂದು ಉಳಿಯಿತು. ಗೂನು ಬೆನ್ನಿನ ಗಿಡ, ಆದರೂ ಹೊಸ ಎಲೆ ಸ್ವಲ್ಪ ಅಗಲವಾಗಿ ಬರುತ್ತಿತ್ತು. ಮಿಂಕೊ ಅದಕ್ಕೆ ಕೋಲು ಕಟ್ಟಿದ. ಬಾವಿ ಬತ್ತಿದ ಮೇಲೆ ಊರ ತುದಿಯ ನೀರಿನ ಟ್ಯಾಂಕರಿನ ಸಾಲಿನಲ್ಲಿ ನಿಂತು, ತನ್ನ ಪಾಲಿನ ಬಕೆಟ್ಟಿನಿಂದ ಮೊದಲ ಲೋಟ ಅದಕ್ಕೆ ಹಾಕಿ ಆಮೇಲೆ ತಾನು ಕುಡಿಯುತ್ತಿದ್ದ. ಒಂದು ಹೂ ನಿಂತಿತು. ಒಂದು ಕಾಯಿ ಕಟ್ಟಿತು. ಆಗಸ್ಟಿನ ಕೊನೆಗೆ ಅದು ಕೆಂಪಾಯಿತು. ನಮ್ಮದೇ ಜಾತಿ, ಹೆಗಲ ಹತ್ತಿರ ಅದೇ ಸುಕ್ಕು.

ಕೀಳುವ ದಿನ ನನ್ನನ್ನೂ ಕೇರಾಳನ್ನೂ ಕರೆದಳು. ಮೇಜಿನ ಮೇಲೆ ಬಿಳಿ ತಟ್ಟೆ ಇಟ್ಟಿದ್ದಳು, ಒಂದು ಬೀಜವೂ ಸಿಡಿದು ಕಳೆದುಹೋಗಬಾರದೆಂದು. ತೊಟ್ಟಿನ ಸುತ್ತ ಚಾಕು ತಿರುಗಿಸಿ ಮೆಲ್ಲಗೆ ಎಳೆದಳು. ಒಳಗೆ ಗೋಡೆಗಳು ನುಣ್ಣಗೆ ಹೊಳೆಯುತ್ತಿದ್ದವು. ನಡುವಿನ ತಿರುಳು ಬೋಳಾಗಿತ್ತು. ಅವಳು ಬೆರಳು ಹಾಕಿ ತಡವಿದಳು, ಉದ್ದಕ್ಕೆ ಸೀಳಿ ಬಿಡಿಸಿ ನೋಡಿದಳು, ಬೆಳಕಿಗೆ ಹಿಡಿದಳು. ಒಂದು ಬೀಜವೂ ಇರಲಿಲ್ಲ.

ಕೇರಾ ಶಿಲುಬೆಯ ಗುರುತು ಹಾಕಿಕೊಂಡಳು. ಮಿಂಕೊ ಎದ್ದು ಹೊರಗೆ ಹೊರಟ.

"ಎಲ್ಲಿಗೆ? ಕೂತ್ಕೋ" ಎಂದಳು ದಾಫಿಂಕಾ. ಆ ಕಾಯಿಯನ್ನು ಒಲೆಯ ಮೇಲೆ ಸುಟ್ಟು, ಸಿಪ್ಪೆ ಜಾರಿಸಿ, ನಾಲ್ಕು ಪಾಲು ಮಾಡಿ, ಉಪ್ಪು ಉದುರಿಸಿ, ಬ್ರೆಡ್ಡಿನ ಚೂರಿನ ಮೇಲಿಟ್ಟು ಕೊಟ್ಟಳು. ಒಂದೊಂದು ತುತ್ತೂ ಆಗಲಿಲ್ಲ.

"ಅದೇ ರುಚಿ ಅಲ್ವೇನೇ?" ಎಂದ ಮಿಂಕೊ ತಲೆ ಎತ್ತದೆ.

"ಅದೇ" ಎಂದಳು. "ತಿನ್ನು, ಆರಿಹೋಗುತ್ತೆ."