ಬರೀ ಗಣಿತದ ಪುಸ್ತಕ

ಎಪ್ಪತ್ತೆರಡನೇ ಇಸವಿ ಇರಬೇಕು. ಡೆಟ್ರಾಯಿಟ್ ಹತ್ತಿರದ ಒಂದು ಯಹೂದಿ ಶಾಲೆಯವರು ಮೂರನೇ ಕ್ಲಾಸಿಗೆ ಗಣಿತ ಹೇಳಿಕೊಡಲು ನನ್ನನ್ನು ಒಂದು ವಾರದ ಮಟ್ಟಿಗೆ ಕರೆದಿದ್ದರು. ಪಾಠ ಹಿಡಿಸಿದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಸೋಮವಾರವೇ ಎಡವಟ್ಟಾಯಿತು. ಕೆಳಗೆ ಬಿದ್ದಿದ್ದ ಪುಸ್ತಕಕ್ಕೆ ನನ್ನ ಕಾಲು ತಾಗಿತು. ತಕ್ಷಣ ಎತ್ತಿ ಕಣ್ಣಿಗೊತ್ತಿಕೊಂಡೆ. ಕ್ಲಾಸೆಲ್ಲ ನನ್ನನ್ನೇ ನೋಡಿತು.

ಮುಂದಿನ ಸಾಲಿನ ಮಿರಿಯಮ್ ಕೈಯೆತ್ತಿದಳು. "ಪ್ರಾರ್ಥನೆ ಪುಸ್ತಕ ಬಿದ್ದರೆ ನಾವೂ ಎತ್ತಿ ಮುತ್ತು ಕೊಡ್ತೀವಿ. ಆದರೆ ಇದು ಬರೀ ಗಣಿತದ್ದು, ಟೀಚರ್!"

ಆ 'ಬರೀ' ಅನ್ನೋದು ನನಗೆ ಚುಚ್ಚಿತು. "ನಮ್ಮ ಮೈಸೂರಲ್ಲಿ ಯಾವ ಪುಸ್ತಕವೂ ಬರೀ ಪುಸ್ತಕ ಅಲ್ಲಮ್ಮ," ಅಂತ ಇಂಗ್ಲಿಷಿನಲ್ಲಿ ಸ್ವಲ್ಪ ಜೋರಾಗಿಯೇ ಹೇಳಿದೆ.

ಶುಕ್ರವಾರ ಪ್ರಿನ್ಸಿಪಾಲರು ಬಂದು ಹಿಂದಿನ ಸಾಲಿನಲ್ಲಿ ಕೂತರು. ಅದೇ ಹೊತ್ತಿಗೆ ಮಿರಿಯಮ್ ಕೈಯಿಂದ ಗಣಿತದ ಪುಸ್ತಕ ಜಾರಿ ಬಿತ್ತು. ಎತ್ತಿಕೊಂಡವಳು ಮೊದಲು ಮುತ್ತು ಕೊಟ್ಟಳು, ಆಮೇಲೆ ಕಣ್ಣಿಗೊತ್ತಿಕೊಂಡಳು.

"ಇದನ್ನ ಯಾರು ಕಲಿಸಿದ್ದು?" ಅಂದರು ಪ್ರಿನ್ಸಿಪಾಲರು.

ಕೆಲಸ ಹೋಯಿತು ಅಂದುಕೊಂಡೇ "ನಾನು" ಅಂದೆ.

ಅವರು ಗಡ್ಡ ನೀವಿಕೊಂಡರು. "ನಮ್ಮವರು ಗಣಿತಕ್ಕೆ ಇಷ್ಟು ಮರ್ಯಾದೆ ಕೊಟ್ಟಿದ್ದು ನಾನು ನೋಡಿರಲಿಲ್ಲ. ಸೋಮವಾರ ಎಂಟು ಗಂಟೆಗೆ ಬಂದುಬಿಡಿ," ಅಂದರು.

ನೆಲಕ್ಕೆ ಕಾಲೇ ತಾಗದ ಹಾಗೆ ಮನೆಗೆ ಬಂದೆ. ಅಡುಗೆಮನೆಯಲ್ಲಿ ನಮ್ಮ ಯಜಮಾನರು ಸಾರಿನ ಬಿಸಿ ಪಾತ್ರೆಯನ್ನು ಇಳಿಸಿದ್ದರು, ನಾನು ಮೈಸೂರಿಂದ ಹೊತ್ತು ತಂದಿದ್ದ ಬಿ.ಎಸ್ಸಿ. ಗಣಿತದ ಪುಸ್ತಕದ ಮೇಲೆ.

"ಟೇಬಲ್ ಸುಡುತ್ತೆ ಕಣೇ," ಅಂದರು.