ಜವರಪ್ಪನವರ ಕೆಡದ ಪಿಸ್ತೂಲು

ಹಾನುಬಾಳಿನ ಸುತ್ತ ಯಾರಾದರೂ ಜಂಬ ಹೊಡೆದು ಏನನ್ನಾದರೂ ಮಾರಬೇಕೆಂದರೆ ವಿಶಾಲಮ್ಮನ ಮನೆ ದಾಟಿಕೊಂಡು ಹೋಗುವುದೇ ವಾಸಿ. ಜನ್ಮದಲ್ಲಿ ಹರಿಯದ ಟಾರ್ಪಾಲು ತಂದಿದ್ದೇನೆ ಎಂದವನನ್ನು ಆಕೆ ಜಗಲಿಯಲ್ಲಿ ಕೂರಿಸಿ, ಲೋಟ ತುಂಬ ಕಾಫಿ ಕೊಟ್ಟು, "ಯಾರ ಜನ್ಮ ಮಾರಾಯ? ನಿಂದೋ, ನಂದೋ, ಟಾರ್ಪಾಲಿಂದೋ?" ಎಂದು ಕೇಳಿದ್ದಳು. ಜಿಗಣೆ ಹತ್ತದ ಕಾಲುಚೀಲ ಮಾರಲು ಬಂದವನಿಗೆ, "ನೀನೇ ಹಾಕ್ಕಂಡು ಹಳ್ಳದ ಕಡೆ ಒಂದ್ ಸುತ್ತು ಹೋಗ್ಬಾ, ಆಮೇಲೆ ತಗತೀನಿ" ಎಂದಿದ್ದಳು. ಹೋದವನು ಆ ದಾರಿಯಲ್ಲೇ ಬಸ್ಸು ಹತ್ತಿಬಿಟ್ಟ.

ಹಾಗಂತ ಆಕೆ ಜಗಳಗಂಟಿಯಲ್ಲ. ತಿಳಿದುಕೊಳ್ಳಬೇಕು ಅನ್ನಿಸಿತೋ, ಮುಗಿಯಿತು, ಅನ್ನ ರುಚಿಸುವುದಿಲ್ಲ. ಮಗ್ಗೆ ಊರಿನ ತವರಿನಲ್ಲಿ ಹುಡುಗಿಯಾಗಿದ್ದಾಗ, ನಮ್ಮ ಬಾವಿಗೆ ತಳವೇ ಇಲ್ಲ ಎಂದ ಅಜ್ಜನ ಮಾತು ಕೇಳಿ, ಮನೆಯ ಹಗ್ಗಗಳನ್ನೆಲ್ಲ ಗಂಟು ಹಾಕಿ ಹಿತ್ತಾಳೆ ಕೊಡ ಇಳಿಬಿಟ್ಟಿದ್ದಳಂತೆ. ತಳ ಸಿಕ್ಕಿತು. ಕೊಡ ಸಿಗಲಿಲ್ಲ. ಬೆನ್ನಿಗೆ ಮಾತ್ರ ಸರಿಯಾಗಿ ಸಿಕ್ಕಿತು.

ಇಂಥವಳು ಗಂಡನ ಮನೆಯ ಒಂದು ವಸ್ತುವಿನ ವಿಷಯದಲ್ಲಿ ಬಹಳ ಕಾಲ ಬಾಯಿ ಬಿಡಲಿಲ್ಲ. ಅದು ಮಾವ ಜವರಪ್ಪನವರ ರಿವಾಲ್ವರ್. ಊರವರ ಬಾಯಲ್ಲಿ ಅದು ಪಿಸ್ತೂಲು. ಮಾವ ತೀರಿಕೊಂಡ ಮೇಲೆ ಲೈಸೆನ್ಸು ಗಂಡ ಬೋರಯ್ಯನ ಹೆಸರಿಗೆ ಬಂತು, ಜೊತೆಗೆ ಅದರ ಕೀರ್ತಿಯೂ ಬಂತು. ಅದು ಒಮ್ಮೆ ಹೇಮಾವತಿ ನದಿಗೆ ಬಿತ್ತಂತೆ, ಮೇಲೆತ್ತಿ ಕೊಡವಿ ಹೊಡೆದರೆ ಢಮ್ ಎಂದಿತಂತೆ. ಬೋರಯ್ಯನ ಗೆಳೆಯ ಯೋಗಾನಂದನ ಬಾಯಿಗೆ ಬಿದ್ದ ಮೇಲಂತೂ ಕೇಳಬೇಡಿ. ಒಂದು ವರ್ಷ ಅದರ ಮೇಲೆ ಜೀಪು ಹತ್ತಿತು, ಇನ್ನೊಂದು ವರ್ಷ ಅದು ಇಡೀ ಮಳೆಗಾಲ ಕೆಸರಲ್ಲಿ ಹೂತುಹೋಗಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ನಮ್ಮಲ್ಲಿ ಬರವೇ?

ಮನೆತನದ ಮಾತು, ಇರಲಿ ಬಿಡು ಎಂದು ವಿಶಾಲಮ್ಮ ಸುಮ್ಮನಿದ್ದಳು. ಆದರೆ ಈಚೆಗೆ ಆನೆಗಳು ಕಾಫಿ ತೋಟದಲ್ಲೇ ಠಿಕಾಣಿ ಹೂಡತೊಡಗಿದವು. ಆನೆ ಇಂಥ ಕಡೆ ಇದೆ, ಎಚ್ಚರ ಎಂದು ಅರಣ್ಯ ಇಲಾಖೆಯವರ ಮೆಸೇಜು ಬಂದರೆ ಅಕ್ಕಪಕ್ಕದವರು ಕೊಯ್ಲು ನಿಲ್ಲಿಸಿ ಮನೆಯಲ್ಲಿರುತ್ತಿದ್ದರು. ಬೋರಯ್ಯ ಮಾತ್ರ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಜಿನಲ್ಲೇ ಮೇಲಿನ ತೋಟ ಹತ್ತುತ್ತಿದ್ದ. ಅಯ್ಯನವರ ಹತ್ತಿರ ಕೆಡದ ಪಿಸ್ತೂಲು ಇದೆಯಲ್ಲ ಎಂದು ಆಳುಗಳೂ ಹಿಂದೆ ಹೋಗುತ್ತಿದ್ದರು. ಅವರು ತಿರುಗಿ ಬರುವವರೆಗೆ ವಿಶಾಲಮ್ಮನ ಜೀವ ಕೈಯಲ್ಲಿರುತ್ತಿತ್ತು. ಗಂಡನ ಸೊಂಟದಲ್ಲಿರುವುದು ಆಪತ್ತಿಗೆ ಆಗುತ್ತದೋ ಇಲ್ಲವೋ? ಈಗ ಕೇಳಲೇಬೇಕಾಯಿತು.

ಮೊದಲು ಯೋಗಾನಂದನನ್ನು ಹಿಡಿದಳು. "ಪಿಸ್ತೂಲಿನ ಮೇಲೆ ಹತ್ತಿದ್ದು ಯಾರ ಜೀಪು?"

"ನಮ್ಮ ದೇವೇಂದ್ರಂದು ಕಣಕ್ಕ."

ದೇವೇಂದ್ರ ಪಕ್ಕದ ತೋಟದವನು. ಅವನನ್ನು ಕೇಳಿದರೆ ತಲೆ ಕೆರೆದುಕೊಂಡ. "ನಾನೆಲ್ಲಿ ಕಂಡೆ ಅತ್ಗೆ? ನಂಗೆ ಯೋಗಾನಂದನೇ ಹೇಳಿದ್ದು."

ನೋಡಿದಿರಾ, ಅಂತೆ ಕಂತೆಗಳ ಸಂತೆ! ವಿಶಾಲಮ್ಮನಿಗೆ ನಗುವೂ ಬಂತು, ಕುತೂಹಲವೂ ಕೆರಳಿತು. ಊಟಕ್ಕೆ ಕೂತಾಗ ಗಂಡನನ್ನೇ ಕೇಳಿದಳು. "ಮಾವ ಹೊಳೇಲಿ ಬೀಳಿಸ್ಕಂಡು ಹೊಡ್ದಾಗ ನೀವು ಅಲ್ಲಿದ್ರಾ?"

"ಅಪ್ಪಯ್ಯ ಸುಳ್ಳು ಹೇಳ್ತಿದ್ರಾ?" ಬೋರಯ್ಯನಿಗೆ ಸಿಟ್ಟು ಬಂತು. ಫೋನು ತೆಗೆದು, ಯಾವನೋ ಪರದೇಶದವನು ಪಿಸ್ತೂಲನ್ನು ಕೆಸರಲ್ಲಿ ಹೊರಳಾಡಿಸಿ ಢಂ ಢಂ ಹೊಡೆಯುವ ವಿಡಿಯೋ ಅವಳ ಮುಂದೆ ಹಿಡಿದ. "ನೋಡು! ಒರಸೋದೂ ಬ್ಯಾಡ, ಎಣ್ಣೆನೂ ಬ್ಯಾಡ, ಸಾವ್ರಾರು ಗುಂಡು ಹೊಡ್ದವ್ನೆ."

ಆಕೆ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು. "ಮಧ್ಯದಲ್ಲಿ ವಿಡಿಯೋ ನಿಲ್ತಲ್ಲ, ಆಗ ಒರಸಿದ್ನೋ ಏನೋ? ಕೆಟ್ಟೋಗಿದ್ದ ಪಿಸ್ತೂಲು ಯಾವನಾದ್ರೂ ತೋರಿಸ್ತಾನಾ? ಅದೂ ಹೋಗ್ಲಿ, ಅದು ಅವನ್ದು. ನಮ್ದು ಇದಲ್ವಾ?"

"ನಿನ್ ತಲೆ! ಅನ್ನ ಹಾಕು" ಎಂದ ಬೋರಯ್ಯ.

ಅವನು ಪಿಸ್ತೂಲನ್ನು ಅಲಕ್ಷ್ಯ ಮಾಡಿದ್ದನೆಂದು ಮಾತ್ರ ಅನ್ನಬೇಡಿ. ಪ್ರತಿ ಆಯುಧಪೂಜೆಗೆ ಕತ್ತಿ, ಗರಗಸ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ನಿನ ಜೊತೆ ಅದನ್ನೂ ಮಣೆಯ ಮೇಲಿಟ್ಟು, ಸಂದುಸಂದಿಗೂ ಮನೆಯ ಕೊಬ್ಬರಿ ಎಣ್ಣೆ ಸುರಿದು, ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು ಎತ್ತಿಡುತ್ತಿದ್ದ. ಅದಕ್ಕಿಂತ ಹೆಚ್ಚಿನ ಆರೈಕೆ ದೇವರಿಗೂ ಇರಲಿಲ್ಲ.

ಪುಷ್ಯದ ಚಳಿ ಬಿದ್ದ ಒಂದು ಬೆಳಗ್ಗೆ ವಿಶಾಲಮ್ಮ ತಲೆ ಬಾಚಲು ಕೊಬ್ಬರಿ ಎಣ್ಣೆ ಬಾಟಲಿ ಬಗ್ಗಿಸಿದಳು. ತೊಟ್ಟೂ ಬೀಳಲಿಲ್ಲ. ಬೆಣ್ಣೆಯ ಹಾಗೆ ಗಟ್ಟಿಯಾಗಿತ್ತು. ವರ್ಷವರ್ಷವೂ ಆಗುವುದೇ, ಒಲೆಯ ಬಳಿ ಇಟ್ಟರೆ ಕರಗುತ್ತದೆ. ಇಡಲು ಹೋದವಳು ಅಲ್ಲೇ ನಿಂತುಬಿಟ್ಟಳು. ಅಯ್ಯೋ ಶಿವನೇ, ಮನೆಯೊಳಗಿನ ಎಣ್ಣೆಯೇ ಹೀಗಾದರೆ ಆ ಪಿಸ್ತೂಲಿನ ಹೊಟ್ಟೆಯೊಳಗಿನದು?

ಬೋರಯ್ಯ ಆಗಲೇ ಬೂಟು ಕಟ್ಟಿಕೊಂಡಿದ್ದ. ಫೋನಿಗೆ ಆನೆಯ ಮೆಸೇಜು ಬಂದಿತ್ತು, ಗೇಟಿನ ಬಳಿ ಆಳುಗಳೂ ಬಂದಿದ್ದರು.

"ರೀ, ಗುಂಡು ಎಲ್ಲಾ ತಗ್ದು ನನ್ ಕೈಗೆ ಕೊಡಿ. ಬರೀ ಪಿಸ್ತೂಲು ನೆಲಕ್ಕೆ ಹಿಡ್ದು ಒಂದ್ ಸಲ ಒತ್ತಿ. ಆಮೇಲೆ ನಾನು ಜನ್ಮದಲ್ಲಿ ಕೇಳಲ್ಲ."

ಜನ್ಮದಲ್ಲಿ ಕೇಳಲ್ಲ ಅನ್ನುವ ಮಾತಿಗೆ ಆಸೆಪಟ್ಟು ಅವನು ಒಪ್ಪಿದ. ಗುಂಡುಗಳನ್ನು ತೆಗೆದು ಆಕೆಯ ಅಂಗೈಗೆ ಹಾಕಿದ. ನೆಲದತ್ತ ಹಿಡಿದು ಒತ್ತಿದ. ಪಿಸ್ತೂಲಿನ ಕುದುರೆ ಅಲ್ಲಾಡಲಿಲ್ಲ. ಇನ್ನೊಂದು ಬೆರಳು ಸೇರಿಸಿ ಒತ್ತಿದ. ಹಲ್ಲು ಕಚ್ಚಿ ಎರಡೂ ಕೈಯಲ್ಲಿ ಒತ್ತಿದ. ಊಹೂಂ. ಸಂದಿಯಿಂದ ಕುಂಕುಮ ಬೆರೆತ ಎಣ್ಣೆಯ ಗಸಿ ಒಂದಿಷ್ಟು ಹೊರಗೆ ಬಂತು, ಅಷ್ಟೇ.

"ಚಳಿಗೆ ಹಿಡ್ಕಂಡೈತೆ. ಒಲೆ ಮುಂದೆ ಹಿಡಿದ್ರೆ ಬಿಡ್ತದೆ."

"ಆನೆ ಎದುರಿಗೆ ಬಂದಾಗ ಒಲೆ ಎಲ್ಲಿಂದ ತರ್ತೀರಿ?"

ಬೋರಯ್ಯ ಪಿಸ್ತೂಲನ್ನು ಜಗಲಿಯ ಮೇಲಿಟ್ಟು ಕೂತ. ವಿಶಾಲಮ್ಮ ಅವನ ಪಕ್ಕ ಕೂತಳು. ಗೆದ್ದೆನೆಂಬ ಹಿಗ್ಗು ಆಕೆಗೆ ಒಂದಿಷ್ಟೂ ಇರಲಿಲ್ಲ. ಮೆಲ್ಲಗೆ ಕೇಳಿದಳು. "ನಿಜ ಹೇಳಿ. ಇದನ್ನ ಯಾವತ್ತಾದ್ರೂ ಹೊಡ್ದಿದ್ದೀರಾ?"

"ಇಲ್ಲ."

"ಮಾವ?"

"ಅಪ್ಪಯ್ಯನೂ ಹೊಡ್ದಿಲ್ಲ ಕಣೇ. ಹೊಳೇಗೂ ಬಿದ್ದಿಲ್ಲ. ಆಗ ಘಾಟಿ ಕಡೆ ಕಳ್ರ ಕಾಟ, ಆಳ್ಗಳು ತೋಟಕ್ಕೆ ಬರಕ್ಕೆ ಹೆದರ್ತಿದ್ರು. ಧೈರ್ಯಕ್ಕೆ ಇರ್ಲಿ ಅಂತ ಒಂದ್ ಮಾತು ಹೇಳಿದ್ರು. ಸಾಯೋ ಮುಂಚೆ ನಂಗೆ ಹೇಳ್ಬುಟ್ಟು, ಬಾಯಿ ಬಿಡ್ಬ್ಯಾಡ ಅಂದ್ರು."

ಹಾಗಾದರೆ ಸವೆಯುವುದಾದರೂ ಎಲ್ಲಿಂದ? ಹೊಡೆಯದ ಪಿಸ್ತೂಲು ಕೆಟ್ಟಿದ್ದು ಯಾರಿಗೆ ಗೊತ್ತಾದೀತು? ವಿಶಾಲಮ್ಮನಿಗೆ ನಗು ಬಂತು, ನಗುತ್ತಲೇ ಅಳು ಬಂತು. ಇಷ್ಟು ವರ್ಷ ಈ ಮನುಷ್ಯ ಬರಿಗೈಯಲ್ಲಿ ಆ ಗುಡ್ಡ ಹತ್ತಿದ್ದಾನೆ, ಅದೂ ಆ ಕೀರ್ತಿಯೆಲ್ಲ ಸುಳ್ಳೆಂದು ಗೊತ್ತಿದ್ದೂ ಗೊತ್ತಿದ್ದೂ! ಸಿಟ್ಟಿಗೆ ಅವನ ತೋಳಿಗೆ ಎರಡು ಗುದ್ದಿದಳು. ಅವನು ಸುಮ್ಮನೆ ಗುದ್ದಿಸಿಕೊಂಡ.

"ಅಯ್ಯಾ, ಹೊತ್ತಾಯ್ತು!" ಗೇಟಿನಿಂದ ನೇತ್ರಾವತಿ ಕೂಗಿದಳು. ಕೊಯ್ಲಿನವರ ಮೇಸ್ತ್ರಿ ಅವಳೇ.

ವಿಶಾಲಮ್ಮ ಏಳಹೋದಳು. ಅವಳೇ ಏನಾದರೊಂದು ನೆಪ ಹೇಳಿ, ಗಂಡನ ಮಾನ ಉಳಿಸಿ ಅವರನ್ನು ಕಳಿಸುವವಳಿದ್ದಳು. ಬೋರಯ್ಯ ಕೈ ಹಿಡಿದು ಕೂರಿಸಿದ. ಪಿಸ್ತೂಲನ್ನು ಜಗಲಿಯ ಮೇಲೇ ಬಿಟ್ಟು, ಒಬ್ಬನೇ ಗೇಟಿನ ತನಕ ನಡೆದು ಹೋದ.

"ಆನೆ ಹೋಯ್ತು ಅಂತ ಮೆಸೇಜು ಬರೋವರ್ಗೂ ಯಾರೂ ಮೇಲಕ್ಕೆ ಹೋಗ್ಬ್ಯಾಡಿ" ಎಂದ.

"ಯಾಕಯ್ಯ? ಪಿಸ್ತೂಲು ಐತಲ್ಲ?"

"ಅದು ಕೆಲ್ಸ ಮಾಡಲ್ಲ ನೇತ್ರಾವತಿ. ಯಾವತ್ತೂ ಮಾಡಿಲ್ಲ. ನಿಮ್ಮನ್ನೆಲ್ಲ ಸುಳ್ಳು ನಂಬಿಸಿ ಕರ್ಕಂಡ್ ಹೋಗ್ತಿದ್ದೆ. ದಿನಾ ನಂಗೆ ಭಯ ಆಗ್ತಿತ್ತು."

ಕಟ್ಟಿಕೊಂಡ ಲಾಗಾಯ್ತು ವಿಶಾಲಮ್ಮ ಆ ಬಾಯಿಂದ ಆ ಮಾತು ಕೇಳಿರಲಿಲ್ಲ. ನಿಮಗೆ ಭಯ ಆಗಲ್ವಾ ಎಂದು ಕೇಳಬೇಕೆಂದು ಯಾವತ್ತೂ ಅವಳಿಗೆ ಹೊಳೆದಿರಲೂ ಇಲ್ಲ.